ಒಂದೇ ಕಡೆಗೆ ತೆರೆದ ಬಾಗಿಲು

ಕ್ಯೂಬಾದ ಮೇಲೆ ಅಮೆರಿಕವು 1962ರಲ್ಲಿ ಹೇರಿದ ವ್ಯಾಪಾರ ದಿಗ್ಬಂಧನ ಆಹಾರದ ಮಟ್ಟಿಗೆ ಸಡಿಲಗೊಂಡದ್ದು 2000ದ ಕಾಯಿದೆಯಿಂದ. 2001ರ ನವೆಂಬರಿನಲ್ಲಿ ಮಿಶೆಲ್ ಚಂಡಮಾರುತ ಬೆಳೆಯನ್ನು ನೆಲಕಚ್ಚಿಸಿದ ಮರುತಿಂಗಳೇ ಅಮೆರಿಕದ ಜೋಳ, ಕೋಳಿಮಾಂಸಗಳು ಹವಾನಾ ತಲುಪಿದವು. 2008ರಲ್ಲಿ ಈ ರಫ್ತು ಸುಮಾರು 70 ಕೋಟಿ ಡಾಲರುಗಳಷ್ಟಾಯಿತು.

ಹಸಿದವರು ನೆರೆಮನೆಯ ಅನ್ನವನ್ನು ಬೇಡವೆನ್ನಲಾಗದು. ಆದರೆ ಆ ಕಾಯಿದೆಯ ಷರತ್ತುಗಳನ್ನು ಗಮನಿಸಿ: ಖರೀದಿಗೆ ಅಮೆರಿಕದ ಬ್ಯಾಂಕುಗಳು ಸಾಲ ಕೊಡುವಂತಿಲ್ಲ; ಕ್ಯೂಬಾದ ರೈತ ಬೆಳೆದುದನ್ನು ಕೊಳ್ಳಲು ಅದು ಅವಕಾಶವನ್ನೇ ಕೊಡಲಿಲ್ಲ. ಕೊಡುವ ಕೈ ಕೊಳ್ಳಲೊಲ್ಲದಿದ್ದರೆ ನೆರೆಹೊರೆ ಬೆಳೆಯುವುದು ಹೇಗೆ?

1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದು ರಸಗೊಬ್ಬರ, ಇಂಧನಗಳಿಗೆ ಬರ ಬಂದಾಗ ಕ್ಯೂಬನ್ನರು ಎತ್ತು, ಎರೆಗೊಬ್ಬರ, ನಗರದ ಕೈತೋಟಗಳನ್ನು ನೆಚ್ಚಿದರು. ತರಕಾರಿ ಸಮೃದ್ಧಿಯಾಯಿತು, ಧಾನ್ಯದ ಕೊರತೆ ಮಾತ್ರ ನೀಗಲಿಲ್ಲ. ಸಾವಯವದ ಪರವಾಗಿರುವ ನಾವು ಇದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಆದ್ದರಿಂದ ಧಾನ್ಯ ಒಳಬರಲಿ. ಅಲ್ಲಿನ ಕಾಫಿ, ಜೇನುತುಪ್ಪಗಳೂ ಅಷ್ಟೇ ನಿರಾತಂಕವಾಗಿ ಹೊರಹೋಗಲಿ.

ಶ್ರೀಲಂಕಾದೊಡನೆ 2000ದಲ್ಲಿ ಜಾರಿಗೆ ಬಂದ ಒಪ್ಪಂದದ ತರುವಾಯ ಆಮದು ಮೆಣಸಿನ ಪೈಪೋಟಿಯನ್ನು ಕಂಡ ಮಲೆನಾಡಿಗರಿಗೆ ಇದು ದೂರದ ಸಂಗತಿಯಲ್ಲ. ಗಡಿ ತೆರೆಯುವ ಮುನ್ನ ಬೆಳೆಗಾರನನ್ನೂ ಕೇಳಬೇಕು. ಹವಾನಾದಲ್ಲಾಗಲಿ, ನಮ್ಮ ಘಟ್ಟದಲ್ಲಾಗಲಿ.