ಕೇಳಿದರೆ ತಾನೇ ತರಿಸುತ್ತಾರೆ



ಹತ್ತನೆಯ ಇಯತ್ತೆಯ ಪರೀಕ್ಷೆ ಮುಗಿದ ಮೇಲೆ ಜತ್ತ ತಾಲ್ಲೂಕಿನ ಮನೆಗಳಲ್ಲಿ ನಡೆಯುವ ಒಂದು ಸಣ್ಣ ವ್ಯವಹಾರ ನಮ್ಮೆಲ್ಲರಿಗೂ ಗೊತ್ತು. ಮಗನ ಅಥವಾ ಮಗಳ ಪಠ್ಯಪುಸ್ತಕಗಳನ್ನು ದಾರದಿಂದ ಕಟ್ಟಿ ರದ್ದಿಯವನಿಗೆ ಕೊಡುತ್ತೇವೆ, ಇಲ್ಲವೇ ಪಕ್ಕದ ಮನೆಯ ಒಂಬತ್ತನೆಯ ಇಯತ್ತೆಯ ಹುಡುಗನಿಗೆ ದಾಟಿಸುತ್ತೇವೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಮಗು ಕನ್ನಡ ಶಾಲೆಯದಾಗಿದ್ದರೆ, ಆ ಕಟ್ಟಿನೊಡನೆ ಹೊರಟು ಹೋಗುವುದು ಬಹಳ ಸಲ ಮನೆಯಲ್ಲಿದ್ದ ಕೊನೆಯ ಕನ್ನಡ ಪುಸ್ತಕ.

ಉಮದಿ, ಸಂಖ, ಬಿಳೂರ, ಮುಚ್ಚಂಡಿ, ಗುಡ್ಡಾಪುರ ಈ ಕಡೆಯ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಪುಣೆಯ ಬಾಲಭಾರತಿ, ಅಂದರೆ 1967ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ, ಕನ್ನಡದಲ್ಲಿಯೂ ಪಠ್ಯಗಳನ್ನು ಅಚ್ಚು ಮಾಡಿ ಕೊಡುತ್ತದೆ. ಇದನ್ನು ಕೃತಜ್ಞತೆಯಿಂದಲೇ ನೆನೆಯಬೇಕು. ಕೊರತೆಗಳೂ ಇವೆ. ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ್ದು 2024ರಲ್ಲಿ ದೊಡ್ಡ ಸುದ್ದಿಯಾಯಿತು. ಶಾಲೆಯ ಬಗ್ಗೆ ಹೀಗೆ ಆಗಾಗ ಮಾತು ಏಳುತ್ತದೆ. ಶಾಲೆ ಮುಗಿದ ಮೇಲೆ ಏನು ಎಂಬ ಬಗ್ಗೆ ಮಾತೇ ಇಲ್ಲ.

ಹತ್ತನೆಯ ನಂತರ ಹೆಚ್ಚಿನ ಮಕ್ಕಳಿಗೆ ಪಾಠ ಮರಾಠಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ. ಕೆಲವರು ವಿಜಯಪುರಕ್ಕೋ ಅಥಣಿಗೋ ಹೋಗಿ ಓದುತ್ತಾರೆ. ಉಳಿದವರ ಪಾಲಿಗೆ ಕನ್ನಡವು ಅಡುಗೆಮನೆಯ, ಹೊಲದ, ಫೋನಿನ ಮಾತಾಗಿ ಉಳಿಯುತ್ತದೆ. ಕಣ್ಣಿನಿಂದ ಓದುವ ಭಾಷೆಯಾಗಿ ಉಳಿಯುವುದಿಲ್ಲ. ಇದು ಗುರುಗಳಿಗೆ ಬಲಿಪೂಜೆಯ ವಾಚನದ ಹೊತ್ತಿನಲ್ಲಿಯೇ ತಿಳಿದುಬಿಡುತ್ತದೆ. ಏಳನೆಯಲ್ಲಿದ್ದಾಗ ಮೊದಲ ವಾಚನವನ್ನು ನೀರು ಹರಿದಂತೆ ಓದುತ್ತಿದ್ದ ಮಗು ಹನ್ನೆರಡನೆಯ ಹೊತ್ತಿಗೆ ಒತ್ತಕ್ಷರ ಬಂದಲ್ಲೆಲ್ಲ ತಡವರಿಸುತ್ತದೆ. ಬುದ್ಧಿ ಕಡಿಮೆಯಾಗಿಲ್ಲ, ಭಕ್ತಿಯೂ ಕಡಿಮೆಯಾಗಿಲ್ಲ. ಎರಡು ವರ್ಷ ಕೈಗೆ ಒಂದು ಕನ್ನಡ ಪುಸ್ತಕ ಸಿಕ್ಕಿಲ್ಲ, ಅಷ್ಟೇ. ಹದಿನೈದು ವರ್ಷಕ್ಕೆ ಓದು ನಿಂತರೆ ಇಪ್ಪತ್ತೈದಕ್ಕೆ ಅದನ್ನು ಎಬ್ಬಿಸುವುದು ಬಹಳ ಕಷ್ಟ.

ಹಾಗಾದರೆ ಪುಸ್ತಕ ಎಲ್ಲಿಂದ ಬರಬೇಕು? ಅಂಗಡಿಯಿಂದ ಕೊಳ್ಳಲು ಜತ್ತದಲ್ಲಿ ಎಷ್ಟು ಮನೆಗಳಿಗೆ ಸಾಧ್ಯ? ಮಳೆ ಕೈಕೊಟ್ಟ ವರ್ಷ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಸೀಮೆ ಇದು. ಉಳಿದಿರುವುದು ಸಾರ್ವಜನಿಕ ವಾಚನಾಲಯ.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಕುಟುಂಬಗಳಲ್ಲಿ ಇದು ಹೆಚ್ಚಿನವರಿಗೆ ತಿಳಿದಿಲ್ಲ. ಕರ್ನಾಟಕದಲ್ಲಿ 1965ರ ಕಾಯ್ದೆಯ ಪ್ರಕಾರ ಸಾರ್ವಜನಿಕ ಗ್ರಂಥಾಲಯ ಸರಕಾರದ್ದು. ಮನೆ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ವಸೂಲು ಮಾಡುತ್ತಾರೆ. ಮಹಾರಾಷ್ಟ್ರದ ಪದ್ಧತಿ ಬೇರೆ. ಇಲ್ಲಿನ 1967ರ ಕಾಯ್ದೆಯಲ್ಲಿ ಅಂಥ ಕರವಿಲ್ಲ. ಊರಿನವರೇ ಸೇರಿ ನೋಂದಾಯಿತ ಸಂಸ್ಥೆ ಕಟ್ಟಿ ವಾಚನಾಲಯ ನಡೆಸುತ್ತಾರೆ. ಸರಕಾರ ಅದಕ್ಕೆ ಮಾನ್ಯತೆ ಕೊಟ್ಟು, ಪುಸ್ತಕ ಮತ್ತು ಓದುಗರ ಸಂಖ್ಯೆ ಮೊದಲಾದವನ್ನು ನೋಡಿ ಅ, ಬ, ಕ, ಡ ಎಂದು ದರ್ಜೆ ಹಾಕಿ ಅನುದಾನ ನೀಡುತ್ತದೆ. ಅಂದರೆ ಹಳ್ಳಿಯ ವಾಚನಾಲಯ ದೂರದ ಅಧಿಕಾರಿಯೊಬ್ಬರ ಕಚೇರಿಯಲ್ಲ. ಅದಕ್ಕೆ ಸದಸ್ಯರಿದ್ದಾರೆ, ಕಾರ್ಯಕಾರಿ ಮಂಡಳಿಯಿದೆ, ವಾರ್ಷಿಕ ಸಭೆಯಿದೆ. ಯಾವ ಪುಸ್ತಕ ತರಿಸಬೇಕೆಂಬ ಮಾತಿನಲ್ಲಿ ಆ ಮಂಡಳಿಯ ಪಾತ್ರ ದೊಡ್ಡದು. ಅಂದಹಾಗೆ, ನಮ್ಮ ದೇಶದ ಮೊದಲ ಗ್ರಂಥಾಲಯ ಕಾನೂನು ಬಂದದ್ದು ದಿಲ್ಲಿಯಲ್ಲೂ ಅಲ್ಲ, ಮುಂಬಯಿಯಲ್ಲೂ ಅಲ್ಲ. 1945ರಲ್ಲಿ, ಇಲ್ಲೇ ನೆರೆಯ ಕೊಲ್ಲಾಪುರ ಸಂಸ್ಥಾನದಲ್ಲಿ.

ಇಷ್ಟೆಲ್ಲ ಇದ್ದರೂ ವಾಚನಾಲಯದ ಕಟ್ಟೆಯ ಮೇಲೆ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ:

“ಕಾಕಾ, ಕನ್ನಡ ಪುಸ್ತಕ ಅದಾವೇನ್ರಿ?”

“ಇಲ್ಲವ್ವಾ. ಯಾರೂ ಕೇಳಂಗಿಲ್ಲ, ಅದಕ್ಕ ತರಸಂಗಿಲ್ಲ.”

ಕಾಕಾ ಹೇಳಿದ್ದು ಸುಳ್ಳಲ್ಲ. ಯಾರೂ ಕೇಳುವುದಿಲ್ಲವೆಂದು ಅವರು ತರಿಸುವುದಿಲ್ಲ. ಅಲ್ಲಿ ಇಲ್ಲವೆಂದು ಗೊತ್ತಿರುವುದರಿಂದ ನಮ್ಮ ಮಕ್ಕಳು ಕೇಳುವುದಿಲ್ಲ. ಈ ಗಾಣದ ಎತ್ತು ಹೀಗೆ ಸುತ್ತುತ್ತಲೇ ಇದೆ. ಇದನ್ನು ನಿಲ್ಲಿಸುವ ಸುಲಭದ ಕೈ ನಮ್ಮದೇ.

ಹದಿಹರೆಯದವರು ವಾಚನಾಲಯಕ್ಕೆ ಹೋಗುವುದೇ ಇಲ್ಲವೇ ಎಂದರೆ, ಹೋಗುತ್ತಾರೆ, ಆದರೆ ‘ಅಭ್ಯಾಸಿಕೆ’ಗೆ. ಪೊಲೀಸ್ ಭರ್ತಿ, ಎಂಪಿಎಸ್‌ಸಿ, ತಲಾಠಿ ಪರೀಕ್ಷೆ ಎಂದು ಗೈಡುಗಳನ್ನು ಹರಡಿಕೊಂಡು ಕೂರುವ ಕೋಣೆ ಅದು. ಮನೆಯಲ್ಲಿ ಒಂದೇ ಕೋಣೆ, ಅದರಲ್ಲೇ ಟಿ.ವಿ. ಇರುವ ಮಕ್ಕಳಿಗೆ ಆ ಮೌನ ದೊಡ್ಡ ಉಪಕಾರ. ಆದರೆ ಅಭ್ಯಾಸಿಕೆಯನ್ನೇ ವಾಚನಾಲಯವೆಂದು ತಿಳಿದರೆ, ಹದಿನಾಲ್ಕರ ಹುಡುಗಿಗೆ ಅಲ್ಲಿ ಕೆಲಸವಿಲ್ಲ ಎಂದಾಗುತ್ತದೆ. ಇನ್ನೊಂದು ಕೋಣೆ ದಿನಪತ್ರಿಕೆ ಓದುವ ಹಿರಿಯರದು. ಅಲ್ಲಿಗೂ ಹುಡುಗಿಯರು ಕಾಲಿಡಲು ಹಿಂಜರಿಯುತ್ತಾರೆ. ವಾರಕ್ಕೆ ಎರಡು ಸಂಜೆ, ಒಂದೊಂದು ತಾಸು, ಹುಡುಗಿಯರಿಗೆಂದೇ ಒಂದು ಮೇಜು ಬಿಟ್ಟುಕೊಡಿ ಎಂದು ತಾಯಂದಿರು ನಾಲ್ಕು ಜನ ಹೋಗಿ ಕೇಳಿದರೆ, ಇಲ್ಲ ಎನ್ನುವ ಮಂಡಳಿ ಅಪರೂಪ ಎಂದೇ ನಮ್ಮ ನಂಬಿಕೆ.

ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಲಾ ಹನ್ನೆರಡರಿಂದ ಹದಿನೆಂಟರ ವಯಸ್ಸಿನವರಿಗೆಂದೇ ಪ್ರತ್ಯೇಕ ಮಾರ್ಗಸೂಚಿ ಮಾಡಿದೆ. ಅದರ ಮುಖ್ಯ ಸಲಹೆ: ಈ ವಯಸ್ಸಿನವರಿಗಾಗಿ ಏನೇ ಮಾಡುವುದಿದ್ದರೂ ಅವರನ್ನೇ ಜೊತೆಗೆ ಕೂರಿಸಿಕೊಂಡು ಮಾಡಿ. ಇದು ನಮಗೆ ಬಹಳ ಸರಿ ಎನಿಸುತ್ತದೆ. ದೊಡ್ಡವರು ಆರಿಸಿದರೆ ಕಪಾಟಿನ ತುಂಬ ನೀತಿಕತೆಗಳೇ ಬರುತ್ತವೆ. ಗುರುಗಳು ಆರಿಸಿದರಂತೂ ಕೇಳುವುದೇ ಬೇಡ! ಹುಡುಗರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕೊಟ್ಟು ನೋಡಿ. ಅವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್‌ರ ಬೇಟೆಯ ಕತೆಗಳನ್ನು ಕೊಟ್ಟು ನೋಡಿ. ಗಿಡಮರಗಳ ಮೇಲೆ ಆಸಕ್ತಿಯಿದ್ದವರಿಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಇದೆ. ನಗುತ್ತ ನಗುತ್ತ ಸಸ್ಯಶಾಸ್ತ್ರ ಕಲಿಸುವ ಪುಸ್ತಕ ಅದು. ಪ್ರಶ್ನೆ ಕೇಳುತ್ತಲೇ ಇರುವ ಮಗುವಿಗೆ ನಿರಂಜನರು ಸಂಪಾದಿಸಿದ ಕಿರಿಯರ ವಿಶ್ವಕೋಶ ‘ಜ್ಞಾನಗಂಗೋತ್ರಿ’ಯ ಏಳು ಸಂಪುಟಗಳು ಎಲ್ಲಾದರೂ ಸಿಕ್ಕರೆ ಬಿಡಬೇಡಿ. ಮರಾಠಿಯನ್ನು ದೂರ ಇಡಬೇಕೆಂದು ನಾವು ಹೇಳುತ್ತಿಲ್ಲ. ಬಾಲಭಾರತಿಯೇ 1971ರಿಂದ ಹೊರತರುತ್ತಿರುವ ‘ಕಿಶೋರ’ ಮಾಸಿಕ ಬಹಳ ಚೆಂದದ ಪತ್ರಿಕೆ. ಎರಡು ಭಾಷೆಯಲ್ಲಿ ಓದಬಲ್ಲ ಮಗುವಿನ ಕೈಯಲ್ಲಿ ಎರಡು ಬುತ್ತಿ ಇದ್ದಂತೆ.

ಗಡಿಯ ಆಚೆಗೆ ನೋಡೋಣ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಅಂಥವು 5,000ಕ್ಕೂ ಹೆಚ್ಚು. 2020ರ ನವೆಂಬರಿನಲ್ಲಿ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದ ಹೊತ್ತಿನಲ್ಲಿ, ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟರು. ಗಟ್ಟಿಯಾಗಿ ಓದುವುದು, ಕತೆ ಹೇಳುವುದು, ಚಿತ್ರ ಬಿಡಿಸುವುದು, ಚದುರಂಗ ಎಲ್ಲವನ್ನೂ ಅದೇ ಕೋಣೆಗೆ ತಂದರು. ಕೆಲವೆಡೆ ‘ಪುಸ್ತಕ ಜೋಳಿಗೆ’ ಹಿಡಿದು ಮನೆಮನೆಗೆ ಹೋಗಿ ಪುಸ್ತಕ ಬೇಡಿ ತಂದರು. ನಮ್ಮ ಉಮದಿಯಿಂದ ಚಡಚಣದ ಸೀಮೆ ಎಷ್ಟು ದೂರ? ಜೋಳಿಗೆ ಹಿಡಿಯಲು ಯಾವ ಸರಕಾರದ ಆದೇಶವೂ ಬೇಕಿಲ್ಲ.

ದೂರದ ಮಾತೇಕೆ, ನಮ್ಮದೇ ಸಾಂಗ್ಲಿ ಜಿಲ್ಲೆಯ ಕಡೇಗಾವ್ ತಾಲ್ಲೂಕಿನ ಮೋಹಿತ್ಯಾಂಚೆ ವಡಗಾವ್‌ನಲ್ಲಿ 2022ರಿಂದ ಒಂದು ಪದ್ಧತಿ ಆರಂಭವಾಯಿತು. ಸಂಜೆ 7 ಗಂಟೆಗೆ ದೇವಸ್ಥಾನದ ಸೈರನ್ ಕೂಗುತ್ತದೆ, ಊರವರು ಟಿ.ವಿ., ಮೊಬೈಲು ಮುಚ್ಚಿಡುತ್ತಾರೆ, 8.30ಕ್ಕೆ ಮತ್ತೆ ಸೈರನ್. ನಡುವಿನ ಒಂದೂವರೆ ತಾಸು ಓದಿಗೆ, ಮಾತಿಗೆ. ಇದು ಕೇಳಲು ಚೆನ್ನಾಗಿದೆ. ಆದರೆ ಮೊಬೈಲ್ ಕೆಳಗಿಡು ಎಂದ ಮೇಲೆ ಕೈಗೆ ಕೊಡಲು ಏನಾದರೂ ಇರಬೇಕಲ್ಲ! ಪುಸ್ತಕವಿಲ್ಲದ ಮನೆಯಲ್ಲಿ ಸೈರನ್ ಕೂಗಿದರೆ ಮಗ ಗೋಡೆ ನೋಡುತ್ತಾ ಕೂರಬೇಕಾದೀತು.

ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯಲು ಹೊರಡುವ ಕುಟುಂಬಗಳ ಮಕ್ಕಳ ಗತಿ ಇನ್ನೂ ಕಠಿಣ. ಅವರು ವಾಚನಾಲಯಕ್ಕೆ ಬರಲಾರರು. ಪುಸ್ತಕವೇ ಅವರ ಜೊತೆ ಹೋಗಬೇಕು. ಬಡೋದೆಯ ಸಯಾಜಿರಾವ್ ಗಾಯಕವಾಡರ ಕಾಲದಲ್ಲಿ, ನೂರು ವರ್ಷಕ್ಕೂ ಹಿಂದೆ, ಮರದ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಹಳ್ಳಿಯಿಂದ ಹಳ್ಳಿಗೆ ಕಳಿಸುತ್ತಿದ್ದರು. ಇಪ್ಪತ್ತು ಪುಸ್ತಕದ ಒಂದು ತಗಡಿನ ಪೆಟ್ಟಿಗೆಯನ್ನು ಟೋಳಿಯ ಜೊತೆ ಕಳಿಸಿ, ಬೇಸಿಗೆಯಲ್ಲಿ ಮರಳಿ ಪಡೆಯುವುದು ನಮ್ಮ ಯುವಕ ಸಂಘಕ್ಕೆ ಆಗದ ಕೆಲಸವೇ? ಎರಡು ಪುಸ್ತಕ ಕಳೆದರೆ ಕಳೆಯಲಿ. ಕಪಾಟಿನಲ್ಲಿ ಗೆದ್ದಲು ತಿನ್ನುವುದಕ್ಕಿಂತ ಅದು ವಾಸಿ.

ಈಗ ಮಾಡಬೇಕಾದ್ದು. ನಿಮ್ಮ ಊರಿನಲ್ಲಿ ಮಾನ್ಯತೆ ಪಡೆದ ವಾಚನಾಲಯವಿದ್ದರೆ ಮನೆಯಿಂದ ಒಬ್ಬರಾದರೂ ಸದಸ್ಯರಾಗಿ. ಕನ್ನಡ ಪುಸ್ತಕಗಳು ಬೇಕೆಂದು ಬರವಣಿಗೆಯಲ್ಲಿ ಕೇಳಿ. ಬರೀ ‘ಕನ್ನಡ ಪುಸ್ತಕ’ ಎಂದು ಬರೆಯದೆ ಪುಸ್ತಕದ ಹೆಸರು, ಲೇಖಕರ ಹೆಸರು ಕೊಡಿ. ಪಟ್ಟಿಯನ್ನು ಮಕ್ಕಳೇ ಮಾಡಲಿ, ಕೆಳಗೆ ಅವರೇ ಸಹಿ ಹಾಕಲಿ. ಅರ್ಜಿ ಮರಾಠಿಯಲ್ಲಿರಲಿ, ಪಟ್ಟಿ ಕನ್ನಡದಲ್ಲಿರಲಿ. ಎರಡನ್ನೂ ಬರೆಯಬಲ್ಲ ಮಕ್ಕಳು ನಮ್ಮಲ್ಲೇ ಇದ್ದಾರೆ. ಬಂದ ಪುಸ್ತಕವನ್ನು ಮನೆಗೆ ತನ್ನಿ, ನೋಂದಣಿ ವಹಿಯಲ್ಲಿ ಹೆಸರು ಬೀಳಲಿ, ಏಕೆಂದರೆ ಮುಂದಿನ ಖರೀದಿಗೆ ಕಾಕಾ ತಿರುವಿ ನೋಡುವುದು ಆ ವಹಿಯನ್ನೇ. ವಾಚನಾಲಯವೇ ಇಲ್ಲದ ಊರಿನವರು ಸಾಂಗ್ಲಿಯ ಜಿಲ್ಲಾ ಗ್ರಂಥಾಲಯ ಅಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ. ಕನ್ನಡ ಸಂಘವಿರುವ ಊರಿನವರು ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೂ ಬರೆಯಬಹುದು. ಹೊರರಾಜ್ಯದ ಗಡಿ ಕನ್ನಡಿಗರ ಶಾಲೆ, ಸಂಸ್ಥೆಗಳಿಗೆ ಅದು ನೆರವು ನೀಡುತ್ತ ಬಂದಿದೆ.

ಅಕ್ಟೋಬರ್ 15ರಂದು, ಅಬ್ದುಲ್ ಕಲಾಂ ಅವರ ಹುಟ್ಟುಹಬ್ಬದ ದಿನ, ಮಹಾರಾಷ್ಟ್ರದ ಶಾಲೆ, ವಾಚನಾಲಯಗಳಲ್ಲಿ ‘ವಾಚನ ಪ್ರೇರಣಾ ದಿನ’ ಆಚರಿಸುತ್ತಾರೆ. ಅರ್ಜಿ ಕೊಡಲು ಅದಕ್ಕಿಂತ ಒಳ್ಳೆಯ ದಿನ ಸಿಗಲಾರದು. ಅಂದು ಹಾರ, ಭಾಷಣ, ಛಾಯಾಚಿತ್ರ ಎಲ್ಲವೂ ಇರುತ್ತದೆ, ಮಂಡಳಿಯವರೂ ಇರುತ್ತಾರೆ. ಅವರು ಚಹಾ ಕುಡಿಯುತ್ತಿರುವಾಗ ಮಕ್ಕಳ ಕೈಯಿಂದಲೇ ಕೊಡಿಸಿ.