ಕಂಬುಜ ದೇಶದಲ್ಲಿ ಹತ್ತು ದಿನಗಳು

ಕಳೆದ ತಿಂಗಳ ಸಂಚಿಕೆಯಲ್ಲಿ ಈ ಅಂಕಣವು ಕಾಣಿಸದೆ ಹೋದುದಕ್ಕೆ ವಾಚಕ ಮಹಾಶಯರು ಕ್ಷಮಿಸಬೇಕು. ನಾನೂ ನನ್ನ ಗೃಹಿಣಿಯೂ ಆಗ ಊರಿನಲ್ಲಿರಲಿಲ್ಲ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಸಂಸ್ಕೃತ ಪಾಠವನ್ನು ಹೇಳಿ ನಿವೃತ್ತನಾದ ನನಗೆ, ಆ ಭಾಷೆಯನ್ನು ಕಲ್ಲಿನಲ್ಲಿ ಕೆತ್ತಿಟ್ಟುಕೊಂಡಿರುವ ಪರದೇಶವೊಂದನ್ನು ಕಣ್ಣಾರೆ ನೋಡಬೇಕೆಂಬ ಹಂಬಲವು ಬಹುಕಾಲದಿಂದ ಇತ್ತು. ಆ ದೇಶವು ಕಾಂಬೋಡಿಯಾ. ಅಲ್ಲಿಯ ಶಾಸನಗಳಲ್ಲಿ ಅದಕ್ಕೆ ‘ಕಂಬುಜ’ವೆಂದು ಹೆಸರು. ಮಹಾಭಾರತದಲ್ಲಿ ಬರುವ ಕಾಂಬೋಜವು ವಾಯವ್ಯ ದಿಕ್ಕಿನ ಬೇರೊಂದು ನಾಡು. ಇವೆರಡನ್ನು ಒಂದೆಂದು ತಿಳಿಯಬಾರದು.

ಮೊದಲು ಪ್ರಯಾಣಕ್ಕೆ ಬೇಕಾದ ವಿಷಯಗಳನ್ನು ಹೇಳಿಬಿಡುತ್ತೇನೆ. ಪಾಸ್‌ಪೋರ್ಟಿನ ಅವಧಿಯು ಇನ್ನೂ ಆರು ತಿಂಗಳಾದರೂ ಉಳಿದಿರಬೇಕು. ಪ್ರವಾಸಿಗಳ ವೀಸಾವನ್ನು ಮನೆಯಲ್ಲಿ ಕುಳಿತೇ ಅಂತರ್ಜಾಲದಲ್ಲಿ ಪಡೆಯಬಹುದು. ವಿಮಾನ ನಿಲ್ದಾಣದಲ್ಲಿಯೂ ಕೊಡುತ್ತಾರೆ. ಹೋಗಲು ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವು ಉತ್ತಮವು. ಆಮೇಲೆ ಬಿಸಿಲಿನ ಬೇಗೆಯನ್ನು ನಮ್ಮ ವಯಸ್ಸಿನವರು ತಾಳಲಾರರು. ನಾವು ಬೆಂಗಳೂರಿನಿಂದ ಹೊರಟು ಬ್ಯಾಂಕಾಕಿನಲ್ಲಿ ವಿಮಾನವನ್ನು ಬದಲಿಸಿ ಸಿಯೆಮ್ ರೀಪ್ ಪಟ್ಟಣವನ್ನು ಸೇರಿದೆವು. 2023ರಲ್ಲಿ ತೆರೆದ ಅಲ್ಲಿಯ ಹೊಸ ವಿಮಾನ ನಿಲ್ದಾಣವು ಊರಿನಿಂದ ಬಹು ದೂರದಲ್ಲಿರುವುದರಿಂದ ವಾಹನವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಲೇಸು. ಥಾಯ್ಲೆಂಡಿನಿಂದ ಭೂಮಾರ್ಗವಾಗಿ ಹೋಗಬೇಕೆನ್ನುವವರು, 2025ರಲ್ಲಿ ಆ ಗಡಿಯಲ್ಲಿ ಕಾದಾಟವು ನಡೆದು ದಾರಿಗಳು ಮುಚ್ಚಲ್ಪಟ್ಟುದನ್ನು ನೆನಪಿನಲ್ಲಿಟ್ಟು, ಹೊರಡುವ ಮುನ್ನ ವಿಚಾರಿಸತಕ್ಕದ್ದು.

ಅಲ್ಲಿಯ ನಾಣ್ಯಕ್ಕೆ ರಿಯೆಲ್ ಎಂದು ಹೆಸರು. ಸುಮಾರು 4000 ರಿಯೆಲ್ಲುಗಳು ಒಂದು ಅಮೆರಿಕನ್ ಡಾಲರಿಗೆ ಸಮ. ಡಾಲರು ಎಲ್ಲೆಡೆಯೂ ನಡೆಯುತ್ತದೆ. ಆದರೆ ನೋಟಿನ ಅಂಚು ಕೂದಲೆಳೆಯಷ್ಟು ಹರಿದಿದ್ದರೂ ತೆಗೆದುಕೊಳ್ಳರು. ಚಿಕ್ಕ ನೋಟುಗಳನ್ನು ಹೆಚ್ಚಾಗಿ ಇಟ್ಟುಕೊಳ್ಳಿರಿ. ಅಂಗಕೋರಿನ ದೇವಾಲಯಗಳಿಗೆ ಪ್ರವೇಶ ಚೀಟಿಯು ಒಂದು ದಿನಕ್ಕೆ 37, ಮೂರು ದಿನಗಳಿಗೆ 62, ಏಳು ದಿನಗಳಿಗೆ 72 ಡಾಲರುಗಳು. ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುವೆವೆಂಬ ಆತುರವು ಬೇಡ. ಮೂರು ದಿನಗಳ ಚೀಟಿಯೇ ಗೃಹಸ್ಥರಿಗೆ ಯುಕ್ತವಾದುದು; ಆ ಮೂರು ದಿನಗಳು ಒಂದರ ಹಿಂದೊಂದು ಬರಬೇಕೆಂಬ ನಿಯಮವಿಲ್ಲ, ನಡುವೆ ಕಾಲಿಗೆ ವಿಶ್ರಾಂತಿಯನ್ನು ಕೊಡಬಹುದು. ಭುಜವೂ ಮೊಣಕಾಲೂ ಮುಚ್ಚುವ ಉಡುಪು ಬೇಕು. ಸೀರೆ, ಪಂಚೆಗಳಿಗೆ ಯಾವ ಅಡ್ಡಿಯೂ ಇಲ್ಲ. ಆದರೆ ಕಡಿದಾದ ಮೆಟ್ಟಲುಗಳನ್ನು ಹತ್ತುವಾಗ ನೆರಿಗೆಗಳ ಮೇಲೆ ಗಮನವಿರಲಿ. ವಾಹನಗಳು ರಸ್ತೆಯ ಬಲಮಗ್ಗುಲಲ್ಲಿ ಓಡುವುದರಿಂದ, ರಸ್ತೆಯನ್ನು ದಾಟುವಾಗ ಮೊದಲು ಎಡಕ್ಕೆ ನೋಡಬೇಕು. ಅಭ್ಯಾಸಬಲದಿಂದ ಬಲಕ್ಕೆ ನೋಡಿ ಹೆಜ್ಜೆಯಿಟ್ಟ ನನ್ನನ್ನು ಗೃಹಿಣಿಯು ಎರಡು ಸಲ ತೋಳು ಹಿಡಿದೆಳೆದು ಉಳಿಸಿದಳು.

ಶಾಕಾಹಾರಿಗಳಿಗೆ ಒಂದು ಎಚ್ಚರಿಕೆ. ಅಲ್ಲಿ ಮೀನಿನ ರಸವೂ, ‘ಪ್ರಹೋಕ್’ ಎಂಬ ಹುಳಿಸಿದ ಮೀನಿನ ಹಿಂಡಿಯೂ ಅಡಿಗೆಯ ಜೀವಾಳ. ಕೇವಲ ‘ಮಾಂಸ ಬೇಡ’ವೆಂದರೆ ಕಾಯಿಪಲ್ಯಕ್ಕೂ ಮೀನಿನ ರಸವನ್ನು ಹಾಕಿ ತರುತ್ತಾರೆ, ಅವರ ಲೆಕ್ಕದಲ್ಲಿ ಅದು ಮಾಂಸವಲ್ಲ. ವ್ರತದ ಊಟವೆಂಬರ್ಥದಲ್ಲಿ ‘ಬೂಆಸ್’ ಎಂದು ಕೇಳಬೇಕು. ಗೃಹಿಣಿಯು ಕಟ್ಟಿಕೊಂಡು ಬಂದಿದ್ದ ಅವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟುಗಳು ಮೊದಲ ಎರಡು ದಿನ ನಮ್ಮ ಪ್ರಾಣವನ್ನು ಕಾಪಾಡಿದುವು. ನಲ್ಲಿಯ ನೀರನ್ನು ಕುಡಿಯಕೂಡದು. ಹಳ್ಳಿಗಾಡಿನಲ್ಲಿ ತುಳಿದ ದಾರಿಯನ್ನು ಬಿಟ್ಟು ಅಡ್ಡಹಾದಿಯನ್ನು ಹಿಡಿಯಲೂ ಕೂಡದು. ಹಿಂದಿನ ಯುದ್ಧಗಳಲ್ಲಿ ಹೂತಿಟ್ಟ ಸಿಡಿಗುಂಡುಗಳು ದೂರದ ಹೊಲಗಳಲ್ಲಿ ಇನ್ನೂ ಉಳಿದಿವೆ.

ಇನ್ನು ಕಂಡ ಸಂಗತಿಗಳು. ಅಂಗಕೋರ್ ಎಂಬುದು ನಮ್ಮ ‘ನಗರ’ ಶಬ್ದದ ರೂಪಾಂತರವೇ. ಅಂಗಕೋರ್ ವಾಟ್ ದೇವಾಲಯವನ್ನು ಎರಡನೆಯ ಸೂರ್ಯವರ್ಮನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ವಿಷ್ಣುವಿಗಾಗಿ ಕಟ್ಟಿಸಿದನು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದುದು 1117ರಲ್ಲಿ. ನಮ್ಮ ವಿಷ್ಣುವರ್ಧನನೂ ಆ ಸೂರ್ಯವರ್ಮನೂ ಸಮಕಾಲೀನರು. ಬೇಲೂರಿನಲ್ಲಿ ಕಣ್ಣು ಒಂದು ಬಳೆಯ ಕೆತ್ತನೆಯಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಸುಮಾರು 190 ಮೀಟರು ಅಗಲದ ಕಂದಕವನ್ನು ದಾಟಿ ಒಳಗೆ ನಡೆಯುವಷ್ಟರಲ್ಲಿಯೇ ಮನುಷ್ಯನಿಗೆ ತಾನು ಎಷ್ಟು ಅಲ್ಪನೆಂಬುದು ತಿಳಿದುಬಿಡುತ್ತದೆ.

ಆದರೆ ನನಗೆ ಅಷ್ಟು ಬೇಗ ತಿಳಿಯಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ನಮಗೆ ದಾರಿ ತೋರಿಸಲು ಗೊತ್ತಾದವನು ಐವತ್ತನ್ನು ಮೀರಿದ ಸೌಮ್ಯ ಮನುಷ್ಯ. ಇಂಗ್ಲಿಷನ್ನು ಚೆನ್ನಾಗಿ ಬಲ್ಲವನು. ಅವನು ಬಾಯಿ ತೆರೆಯುವ ಮೊದಲೇ ನಾನು ಪಾಠವನ್ನು ಆರಂಭಿಸಿದೆನು. ಇದು ಕುರುಕ್ಷೇತ್ರ, ಇದು ಲಂಕೆಯ ಯುದ್ಧ, ಇವನು ಯಮ, ಇವನು ಚಿತ್ರಗುಪ್ತ. ನಿಮ್ಮ ಲಿಪಿಯು ನಮ್ಮ ದಕ್ಷಿಣದ ಪಲ್ಲವರಿಂದ ಬಂದುದು. ಈ ಗುಡಿಯನ್ನು 1986ರಿಂದ 1993ರವರೆಗೆ ದುರಸ್ತು ಮಾಡಿದವರೂ ನಮ್ಮ ದೇಶದ ಪುರಾತತ್ತ್ವ ಇಲಾಖೆಯವರೇ. ಆದುದರಿಂದ ಇದೆಲ್ಲವೂ ಒಂದು ಬಗೆಯಲ್ಲಿ ನಮ್ಮದೇ ಎಂದೆನು. ಹೇಳಿದುದರಲ್ಲಿ ಹೆಚ್ಚಿನ ಭಾಗವು ನಿಜವೇ. ಕೊನೆಯ ಮಾತು ಮಾತ್ರ ಸರಿಯಲ್ಲ.

ಅವನು ವಾದಿಸಲಿಲ್ಲ. ಸಮುದ್ರಮಥನದ ಗೋಡೆಯ ಮುಂದೆ ನಮ್ಮನ್ನು ನಿಲ್ಲಿಸಿದನು. ಸುಮಾರು 49 ಮೀಟರು ಉದ್ದದ ಕೆತ್ತನೆ. ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು, ನಡುವೆ ಕೂರ್ಮದ ಬೆನ್ನಮೇಲೆ ಮಂದರ. ವಾಸುಕಿಯ ಬಾಲದ ತುದಿಯನ್ನು ಒಬ್ಬ ಕಪಿವೀರನು ಹಿಡಿದೆಳೆಯುತ್ತಿದ್ದಾನೆ. “ಗುರುಗಳೇ, ಈ ಕಪಿಯು ನಿಮ್ಮ ಯಾವ ಗ್ರಂಥದಲ್ಲಿದ್ದಾನೆ?” ಎಂದು ಕೇಳಿದನು. ನಾನು ಪಾಠ ಹೇಳಿದ ಮಥನದ ಕಥೆಯಲ್ಲಿ ಅಂತಹ ಕಪಿಯು ಇಲ್ಲ. ನಾನು ಸುಮ್ಮನಾದೆನು. ಅವನು ನಸುನಕ್ಕು, “ಕಥೆಯು ನಿಮ್ಮಲ್ಲಿಂದ ಬಂದಿತು. ಎಳೆದವರು ನಾವೂ ಇದ್ದೇವೆ” ಎಂದನು.

ಮರುದಿನ ಲೋಲೇಯ್ ಎಂಬ ಗುಡಿಗೆ ಹೋದೆವು. ಯಶೋವರ್ಮನ ಕಾಲದ, 893ರ ಇಟ್ಟಿಗೆಯ ಗೋಪುರಗಳು. ಬಾಗಿಲ ಚೌಕಟ್ಟಿನ ಕಲ್ಲುಗಳ ಮೇಲೆ ಮುತ್ತು ಪೋಣಿಸಿದಂತಹ ಅಕ್ಷರಗಳು. ಹಳೆಯ ಲಿಪಿಗಳಲ್ಲಿ ನನಗೆ ಅಲ್ಪ ಪರಿಚಯವುಂಟು. ರಾಜಸ್ತುತಿಯಿರಬೇಕೆಂದು ಕನ್ನಡಕವನ್ನು ಒರೆಸಿಕೊಂಡು ಕೂಡಿಸಿ ಓದತೊಡಗಿದೆನು. ‘ತೈ’ ಎಂಬ ಅಕ್ಷರವು ಮತ್ತೆ ಮತ್ತೆ ಬರುತ್ತಿತ್ತು. “ನೋಡು, ತಾಯಿ! ಇದು ಕನ್ನಡ!” ಎಂದು ಗೃಹಿಣಿಯನ್ನು ಕೂಗಿ ಕರೆದೆನು. ಮಾರ್ಗದರ್ಶಕನು ತಲೆಯಾಡಿಸಿದನು. ಅದು ಸಂಸ್ಕೃತವೂ ಅಲ್ಲ, ಕನ್ನಡವಂತೂ ಅಲ್ಲ. ಹಳೆಯ ಖ್ಮೇರ್ ಭಾಷೆ. ‘ತೈ’ ಎಂದರೆ ಗುಡಿಯ ದಾಸಿ, ‘ಸೀ’ ಎಂದರೆ ದಾಸ. ಆ ಕಲ್ಲುಗಳ ತುಂಬ ಇರುವುದು ಅಂತಹವರ ಹೆಸರುಗಳ ಪಟ್ಟಿ. ಬತ್ತ ಕುಟ್ಟಿದವರು, ನೀರು ಹೊತ್ತವರು, ದೀಪ ಹಚ್ಚಿದವರು. ನಾನು ರಾಜನನ್ನು ಹುಡುಕುತ್ತಿದ್ದೆನು, ಕಲ್ಲಿನಲ್ಲಿದ್ದವರು ಇವರು.

ಆ ಮಧ್ಯಾಹ್ನ ಮರದ ನೆರಳಿನಲ್ಲಿ ಕುಳಿತಿದ್ದಾಗ ಗೃಹಿಣಿಯು ಅವನ ತಂದೆತಾಯಿಗಳ ಕ್ಷೇಮವನ್ನು ವಿಚಾರಿಸಿದಳು. ಅವನ ತಂದೆಯು ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದನಂತೆ. 1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಪಕ್ಷದವರು ರಾಜಧಾನಿಯನ್ನು ಹಿಡಿದು, ಪಟ್ಟಣಗಳನ್ನು ಬರಿದುಮಾಡಿ, ನಾಣ್ಯವನ್ನು ರದ್ದುಮಾಡಿ, ಶಾಲೆಗಳನ್ನು ಮುಚ್ಚಿದರು. ವಿದ್ಯಾವಂತರೆಂದರೆ ಅವರಿಗೆ ಶತ್ರುಗಳು. ಇವನ ತಾಯಿಯು ಪುಸ್ತಕಗಳನ್ನೆಲ್ಲ ಕೆರೆಗೆ ಹಾಕಿ, ಗಂಡನು ಗಾಡಿ ಹೊಡೆಯುವವನೆಂದು ಹೇಳಿ ಎರಡು ವರ್ಷ ಕಾಪಾಡಿದಳು. ಆಮೇಲೆ ಯಾರೋ ಗುರುತು ಹಿಡಿದರು. “ನಾನು ಆಗ ಐದು ವರ್ಷದ ಹುಡುಗ. ನಮ್ಮ ತಂದೆಯ ಅಕ್ಷರವು ಹೇಗಿತ್ತೆಂದು ನನಗೆ ಗೊತ್ತಿಲ್ಲ. ಒಂದು ಚೀಟಿಯೂ ಉಳಿದಿಲ್ಲ” ಎಂದನು. ಮೊದಲ ದಿನವೆಲ್ಲ ನಾನು ಪಾಠ ಹೇಳಿದುದು ಇಂಥವನಿಗೆ!

ಅಲ್ಲಿಂದ ರಾಜಧಾನಿಯಾದ ನಾಮ್ ಪೆನ್ ನಗರಕ್ಕೆ ಬಸ್ಸಿನಲ್ಲಿ ಸುಮಾರು ಆರು ಗಂಟೆಗಳ ದಾರಿ. ತುಓಲ್ ಸ್ಲೆಂಗ್ ಎಂಬ ಸ್ಥಳವನ್ನು ನೋಡುವುದು ಬೇಡವೆಂದು ನಾನು ಯೋಚಿಸಿದ್ದೆನು; ಗೃಹಿಣಿಯೇ, “ಅವನ ಮಾತನ್ನು ಕೇಳಿದ ಮೇಲೆ ಹೋಗದಿರುವುದು ಸರಿಯಲ್ಲ” ಎಂದಳು. ಅದೊಂದು ಪ್ರೌಢಶಾಲೆಯಾಗಿತ್ತು. ಖ್ಮೇರ್ ರೂಜಿನವರು ಅದನ್ನು ಸೆರೆಮನೆಯಾಗಿ ಮಾಡಿಕೊಂಡರು. ನಮ್ಮ ಯಾವ ಊರಿನ ಶಾಲೆಯಂತೆಯೋ ಅಂತೆಯೇ ಮಹಡಿಗಳು, ಉದ್ದನೆಯ ಮೊಗಸಾಲೆ, ಅಂಗಳ. ತರಗತಿಯ ಕೊಠಡಿಗಳಲ್ಲಿ ಇಟ್ಟಿಗೆಯ ಅಡ್ಡಗೋಡೆಗಳನ್ನು ಎಬ್ಬಿಸಿ, ಮನುಷ್ಯನು ಕಾಲು ಚಾಚಲಾಗದಷ್ಟು ಸಣ್ಣ ಗೂಡುಗಳನ್ನು ಮಾಡಿದ್ದಾರೆ. ಮಕ್ಕಳು ವ್ಯಾಯಾಮ ಮಾಡುತ್ತಿದ್ದ ಕಂಬಗಳಿಗೆ ಸೆರೆಯಾಳುಗಳನ್ನು ತೂಗುಹಾಕಿ ಹಿಂಸಿಸಿದರು. ಅಲ್ಲಿಗೆ ಬಂದ 14,000ಕ್ಕೂ ಹೆಚ್ಚು ಜನರಲ್ಲಿ ಬದುಕಿ ಉಳಿದವರು ಬೆರಳೆಣಿಕೆಯಷ್ಟು. ಪ್ರತಿಯೊಬ್ಬರ ಭಾವಚಿತ್ರವನ್ನೂ ತೆಗೆದು ಕಡತದಲ್ಲಿಡುತ್ತಿದ್ದರು. ಆ ಮುಖಗಳು ಇಂದು ಗೋಡೆಗಳ ತುಂಬ ನಮ್ಮನ್ನು ನೋಡುತ್ತಿವೆ. ಅವುಗಳಲ್ಲಿ ಮಕ್ಕಳ ಮುಖಗಳೂ ಇವೆ. 1979ರ ಜನವರಿಯಲ್ಲಿ ಆ ಆಡಳಿತವು ಮುಗಿಯುವ ವೇಳೆಗೆ ದೇಶದಲ್ಲಿ ಹದಿನೈದು ಲಕ್ಷಕ್ಕೂ ಮಿಕ್ಕಿ ಜನ ಸತ್ತಿದ್ದರು. ಈ ಶಾಲೆಯನ್ನು 2025ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ನನ್ನನ್ನು ನಿಂತಲ್ಲೇ ಕುಳ್ಳಿರಿಸಿದ ಸಂಗತಿಯು ಬೇರೊಂದು. ಆ ಸೆರೆಮನೆಯ ಮುಖ್ಯಾಧಿಕಾರಿಯಾಗಿದ್ದ ಕೈಂಗ್ ಗುಯೆಕ್ ಏವ್ ಎಂಬವನು ಪೂರ್ವದಲ್ಲಿ ಗಣಿತದ ಉಪಾಧ್ಯಾಯನಾಗಿದ್ದನು. 2010ರಲ್ಲಿ ನ್ಯಾಯಾಲಯವು ಅವನನ್ನು ಅಪರಾಧಿಯೆಂದು ತೀರ್ಮಾನಿಸಿತು. 2020ರಲ್ಲಿ ಅವನು ಸತ್ತನು. ಶಾಲೆಯಿಂದ ಎಳೆದೊಯ್ಯಲ್ಪಟ್ಟ ಉಪಾಧ್ಯಾಯನ ಕಥೆಯನ್ನು ಕೇಳಿ ನಾನು ಅವನ ಪಕ್ಕದಲ್ಲಿ ನಿಂತುಕೊಂಡಿದ್ದೆನು. ಶಾಲೆಯಲ್ಲಿಯೇ ಕುಳಿತು ಕೊಲ್ಲುವವರ ಪಟ್ಟಿಗೆ ರುಜು ಹಾಕಿದವನೂ ಉಪಾಧ್ಯಾಯನೇ ಎಂದು ತಿಳಿದಾಗ ಎಲ್ಲಿ ನಿಲ್ಲಬೇಕೆಂದು ತೋರಲಿಲ್ಲ. ವಿದ್ಯೆ ಬಂದರೆ ವಿನಯವು ತಾನಾಗಿ ಬರುವುದೆಂದು ನಾನು ಎಷ್ಟು ವರ್ಷ ಕರಿಹಲಗೆಯ ಮೇಲೆ ಬರೆದೆನು! ತಾನಾಗಿ ಬರುವುದಿಲ್ಲ. ಅದನ್ನು ಬೇರೆಯಾಗಿಯೇ ಕಲಿಯಬೇಕು. ಕಲಿತುದನ್ನು ಮರೆಯದಂತೆ ನೋಡಿಕೊಳ್ಳಲೂ ಬೇಕು. ನಾನು ಗುಡಿಯ ಗೋಡೆಯ ಮುಂದೆ ತೋರಿಸಿದ ದರ್ಪವು ಬಹು ಸಣ್ಣದು, ಯಾರಿಗೂ ಕೇಡು ಮಾಡಿದುದಲ್ಲ; ಆದರೂ ಅದನ್ನು ನೆನೆದು ನಾಚಿದೆನು.

ಆದುದರಿಂದ, ಕಂಬುಜಕ್ಕೆ ಹೋಗುವ ಕನ್ನಡಿಗರಿಗೆ ನನ್ನ ವಿಜ್ಞಾಪನೆಯಿಷ್ಟೇ. ರಾಮಾಯಣ ಭಾರತಗಳನ್ನು ಬಲ್ಲವರಿಗೆ ಅಲ್ಲಿಯ ಗೋಡೆಗಳು ಬೇಗನೆ ಅರ್ಥವಾಗುತ್ತವೆ. ಆ ಸಂತೋಷವನ್ನು ಧಾರಾಳವಾಗಿ ಪಡಿರಿ. ಆದರೆ ಅಲ್ಲಿಯವರಿಗೆ ಅವರ ಮನೆಯನ್ನು ನೀವು ಪರಿಚಯ ಮಾಡಿಕೊಡಲು ಹೋಗಬೇಡಿರಿ. ಮಾರ್ಗದರ್ಶಕನಿಗೆ ಮೊದಲು ಮಾತನಾಡಲು ಬಿಡಿರಿ. ಕೈ ಜೋಡಿಸಿ ವಂದಿಸಿದರೆ ಅವರೂ ಕೈ ಜೋಡಿಸುತ್ತಾರೆ. ‘ಅರ್‌ಕುನ್’ ಎಂದರೆ ಉಪಕಾರವಾಯಿತೆಂದು ಅರ್ಥ. ಅದರಲ್ಲಿ ನಮ್ಮ ‘ಗುಣ’ ಶಬ್ದವು ಅಡಗಿದೆ. ಎರಡು ಸ್ಥಳಗಳನ್ನೂ ನೋಡಿರಿ. ಅಂಗಕೋರನ್ನು ಮಾತ್ರ ನೋಡಿ ಹಿಂದಿರುಗಿದರೆ ದೇಶದ ಅರ್ಧವನ್ನೇ ನೋಡಿದಂತೆ. ತುಓಲ್ ಸ್ಲೆಂಗಿಗೆ ಚಿಕ್ಕ ಮಕ್ಕಳನ್ನು ಕರೆದೊಯ್ಯದಿರುವುದು ಮೇಲು.

ಸಿಯೆಮ್ ರೀಪಿನಿಂದ ಹೊರಟ ದಿನ ಮಾರ್ಗದರ್ಶಕನು ಬಸ್ಸಿನ ತನಕ ಬಂದು ‘ಲೋಕ್ ಕ್ರೂ’ ಎಂದು ನನ್ನನ್ನು ಕರೆದು ವಂದಿಸಿದ್ದನು. ಅವರ ಭಾಷೆಯಲ್ಲಿ ‘ಕ್ರೂ’ ಎಂದರೆ ಗುರು. ಅವನ ತಂದೆಯನ್ನು ಊರವರು ಹೀಗೆಯೇ ಕರೆಯುತ್ತಿದ್ದರಂತೆ. ಲೋಲೇಯ್ ಗುಡಿಯ ಚೌಕಟ್ಟಿನಿಂದ ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದ ಹನ್ನೆರಡು ಹೆಸರುಗಳನ್ನು ಊರಿಗೆ ಬಂದ ಮೇಲೆ ಶುದ್ಧವಾಗಿ ಕನ್ನಡಾಕ್ಷರಗಳಲ್ಲಿ ನಕಲು ಮಾಡಿ, ಅವನ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸಿದ್ದೇನೆ. ತಪ್ಪುಗಳಿದ್ದರೆ ತಿದ್ದಿ ಹಿಂದಕ್ಕೆ ಕಳುಹಿಸಬೇಕೆಂದು ಕೆಳಗೆ ಬರೆದಿದ್ದೇನೆ.