ಮೂವತ್ತು ಸೆಕೆಂಡಿನ ಕೋಚ್, ವರ್ಷವಿಡೀ ಖಾಲಿ ಮೈದಾನ

ಜಮಖಂಡಿ ಕಡೆಯ ಒಂದು ಹಳ್ಳಿ. ಜಾತ್ರೆ ಮುಗಿದ ಮರುದಿನ ರಾತ್ರಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ. ಕಬ್ಬು ಹೇರುವ ಟ್ರೇಲರ್‌ಗಳೇ ಗ್ಯಾಲರಿ. ಊರಿನ ತಂಡದ ಹಿಂದಿನ ಸಾಲಿನಲ್ಲಿದ್ದ ತೆಳ್ಳನೆ ಹುಡುಗನೊಬ್ಬನನ್ನೇ ಗುರಿ ಮಾಡಿ ಎದುರಾಳಿ ಸರ್ವ್ ಹೊಡೆಯುತ್ತಿದ್ದ. ಸತತ ನಾಲ್ಕು ಪಾಯಿಂಟ್ ಹೋದವು. ಕೋಚ್ ಟೈಮ್‌ಔಟ್ ಕೇಳಿದರು.

'ಏ ತಮ್ಮಾ, ನಿಂತಲ್ಲೇ ಕೈ ಚಾಚಬ್ಯಾಡೋ. ಕಾಲು ಸರಸು. ಬಾಲ್ ನಿನ್ನ ಕಡೆ ಬರೂದಿಲ್ಲ, ನೀನ ಬಾಲ್ ಕಡೆ ಹೋಗಬೇಕು.'

ಹುಡುಗ ತಲೆಯಾಡಿಸಿದ. ಸೀಟಿ ಊದಿತು. ಎದುರಾಳಿಯ ಸರ್ವ್ ಸೀದಾ ನೆಟ್‌ಗೆ ಬಿತ್ತು. ಟ್ರೇಲರ್ ಮೇಲಿಂದ ಕೇಕೆ, ಸಿಳ್ಳೆ. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು, 'ಕೋಚ್ ಅಂದ್ರ ಹಿಂಗಿರಬೇಕು ನೋಡ್ರಿ' ಅಂದರು.

ಹುಡುಗ ಕಾಲು ಸರಿಸಿರಲಿಲ್ಲ. ಸರಿಸಬೇಕಾದ ಪ್ರಮೇಯವೇ ಬರಲಿಲ್ಲ. ತಪ್ಪು ಮಾಡಿದ್ದು ಎದುರಾಳಿ, ಮೆಚ್ಚುಗೆ ಸಿಕ್ಕಿದ್ದು ಕೋಚ್‌ಗೆ. ಎರಡು ರ‍್ಯಾಲಿ ಕಳೆದ ಮೇಲೆ ಅದೇ ಹುಡುಗನಿಗೆ ಮತ್ತೆ ಸರ್ವ್ ಬಂತು. ಅವನು ಮತ್ತೆ ನಿಂತಲ್ಲೇ ಕೈ ಚಾಚಿದ. ಬಾಲ್ ಟ್ರೇಲರ್ ಕಡೆ ಹಾರಿತು.

ಪಂದ್ಯ ನಡೆಯುವಾಗ ಒಬ್ಬ ವಾಲಿಬಾಲ್ ಕೋಚ್ ತನ್ನ ತಂಡದ ಮೇಲೆ ಎಷ್ಟು ಪ್ರಭಾವ ಬೀರಬಲ್ಲ? ಇದು ಬರೀ ಆಟದ ಪ್ರಶ್ನೆ ಅಂತ ನನಗೂ ಅನ್ನಿಸಿತ್ತು. ಲೆಕ್ಕ ಹಾಕುತ್ತ ಹೋದಂತೆ ಇದು ದುಡ್ಡಿನ, ಹುದ್ದೆಯ, ಅಂದರೆ ರಾಜಕಾರಣದ ಪ್ರಶ್ನೆಯೂ ಹೌದು ಎನ್ನುವುದು ಗೊತ್ತಾಯಿತು.

ನಿಯಮ ಕೊಟ್ಟಿರುವುದು ಐದು ನಿಮಿಷ

ಮೊದಲು ನಿಯಮ ನೋಡೋಣ. ಪ್ರತಿ ಸೆಟ್‌ಗೆ ಒಂದು ತಂಡಕ್ಕೆ 2 ಟೈಮ್‌ಔಟ್, ಒಂದೊಂದೂ 30 ಸೆಕೆಂಡ್. ಐದೂ ಸೆಟ್ ನಡೆದು, ಎಲ್ಲ ಟೈಮ್‌ಔಟ್ ಬಳಸಿದರೂ ಒಟ್ಟು 5 ನಿಮಿಷ. ಸೆಟ್‌ಗಳ ನಡುವಿನ ಬಿಡುವು ತಲಾ 3 ನಿಮಿಷ, ಅಂದರೆ ಇನ್ನೊಂದು 12 ನಿಮಿಷ. ಐದು ಸೆಟ್‌ನ ಪಂದ್ಯ ಸುಮಾರು ಎರಡು ತಾಸು ಹಿಡಿಯುತ್ತದೆ. ಉಳಿದ ಸಮಯದಲ್ಲಿ ಕೋಚ್ ಬೆಂಚಿನ ಹತ್ತಿರ ನಿಂತು ಕೂಗಬಹುದು. ಆದರೆ ಬಾಲ್ ಗಾಳಿಯಲ್ಲಿದ್ದಾಗ, ಅದೂ ಟ್ರೇಲರ್ ಗ್ಯಾಲರಿಯ ಗದ್ದಲದಲ್ಲಿ, ಆಟಗಾರನ ಕಿವಿಗೆ ಏನು ಬೀಳುತ್ತದೆ? ಕ್ರಿಕೆಟ್‌ನಲ್ಲಿ ಓವರಿನ ಮಧ್ಯೆ ಯೋಚಿಸಲು ಪುರುಸೊತ್ತಿದೆ. ಇಲ್ಲಿ ಸರ್ವ್ ನೆಟ್ ದಾಟಿ ಬರುವುದರೊಳಗೆ ಕಾಲು ತಾನಾಗಿಯೇ ನಿರ್ಧಾರ ಮಾಡಿರಬೇಕು.

ಇನ್ನು ನಾಲ್ಕು ವರ್ಷ ಎಂಜಿನಿಯರಿಂಗ್ ಓದಿ ಉಳಿಸಿಕೊಂಡ ಒಂದೇ ಅಭ್ಯಾಸ, ಲೆಕ್ಕ. ಮೇಲ್ಮಟ್ಟದ ಪುರುಷರ ವಾಲಿಬಾಲ್‌ನಲ್ಲಿ ಸರ್ವ್ ಸ್ವೀಕರಿಸುವ ತಂಡವೇ ಸುಮಾರು ಮೂರರಲ್ಲಿ ಎರಡು ರ‍್ಯಾಲಿ ಗೆಲ್ಲುತ್ತದೆ. ಪಾಸ್, ಲಿಫ್ಟ್, ಸ್ಮ್ಯಾಶ್ ಮೂರೂ ಅದರ ಕೈಯಲ್ಲೇ ಇರುತ್ತವಲ್ಲ. ಕೋಚ್ ಟೈಮ್‌ಔಟ್ ಕೇಳುವುದು ಯಾವಾಗ? ಎದುರಾಳಿ ಸತತ ಮೂರ್ನಾಲ್ಕು ಪಾಯಿಂಟ್ ಹೊಡೆದಾಗ, ಅಂದರೆ ನಮ್ಮ ತಂಡ ಸರ್ವ್ ಸ್ವೀಕರಿಸುವ ಸರದಿಯಲ್ಲಿ. ಆಗ ಕೋಚ್ ಬಾಯಿ ಬಿಡದೆ ನೀರು ಕುಡಿಸಿ ಕಳಿಸಿದರೂ ಮೂರರಲ್ಲಿ ಎರಡು ಸಲ ಮುಂದಿನ ಪಾಯಿಂಟ್ ನಮ್ಮದೇ. ಎರಡು ರ‍್ಯಾಲಿಯೊಳಗೆ ಎದುರಾಳಿಯ ಓಟ ನಿಲ್ಲುವ ಸಾಧ್ಯತೆ ಒಂಬತ್ತರಲ್ಲಿ ಎಂಟು. ಹಳ್ಳಿ ಮಟ್ಟದಲ್ಲಿ ಪಾಸ್ ಸೊರಗಿರುತ್ತದೆ, ಫಿಫ್ಟಿ-ಫಿಫ್ಟಿ ಅಂತಲೇ ಹಿಡಿಯಿರಿ. ಆಗಲೂ ನಾಲ್ಕರಲ್ಲಿ ಮೂರು ಸಲ ಓಟ ಅಲ್ಲಿಗೇ ನಿಲ್ಲುತ್ತದೆ.

ಟೈಮ್‌ಔಟ್ ಕೆಲಸ ಮಾಡಿದಂತೆ ಕಾಣುವುದರಲ್ಲಿ ದೊಡ್ಡ ಪಾಲು ಈ ಲೆಕ್ಕದ್ದು. ನೆಗಡಿ ಜೋರಾದಾಗ ಕಷಾಯ ಕುಡಿದು, ಎರಡು ದಿನಕ್ಕೆ ವಾಸಿಯಾದ ಮೇಲೆ ಕಷಾಯಕ್ಕೆ ಕೈ ಮುಗಿದ ಹಾಗೆ.

ಹಾಗಾದರೆ ಕೋಚ್ ದಂಡವೇ?

ಅಲ್ಲ. ಈ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಿದರೆ ಅದೂ ಅರ್ಧ ಸತ್ಯ.

ಪಂದ್ಯದ ದಿನ ಕೋಚ್ ಕೈಯಲ್ಲಿ ನಿಜವಾಗಿಯೂ ಇರುವ ಅಸ್ತ್ರಗಳು ಸದ್ದು ಮಾಡುವುದಿಲ್ಲ. ಒಂದು, ಪ್ರತಿ ಸೆಟ್‌ಗೆ ಮುಂಚೆ ಸಹಿ ಹಾಕಿ ಕೊಡುವ ಲೈನ್‌ಅಪ್ ಚೀಟಿ. ಆರು ಜನ ಯಾವ ಸ್ಥಾನದಿಂದ ಶುರು ಮಾಡುತ್ತಾರೆ ಎನ್ನುವುದರ ಮೇಲೆ, ನಮ್ಮ ಎತ್ತರದ ಬ್ಲಾಕರ್ ಅವರ ಬಲಿಷ್ಠ ಅಟ್ಯಾಕರ್ ಎದುರಿಗೆ ಎಷ್ಟು ಹೊತ್ತು ನಿಲ್ಲುತ್ತಾನೆ ಎನ್ನುವುದು ತೀರ್ಮಾನವಾಗುತ್ತದೆ. ಚೀಟಿ ಕೊಟ್ಟಾದ ಮೇಲೆ ಅದನ್ನು ತಿದ್ದುವಂತಿಲ್ಲ, ಆಟಗಾರನನ್ನೇ ಬದಲಿಸಬೇಕು. ಎರಡು, ಸೆಟ್‌ಗೆ 6 ಬದಲಾವಣೆ. ಹೊರಬಂದ ಆಟಗಾರ ಆ ಸೆಟ್‌ನಲ್ಲಿ ಒಂದೇ ಸಲ, ಅದೂ ತನ್ನ ಜಾಗಕ್ಕೇ ವಾಪಸ್ ಹೋಗಬಹುದು. ಅವಸರಪಟ್ಟು ಖರ್ಚು ಮಾಡಿದರೆ ಕೊನೆಗೆ ಬೆಂಚಿನಲ್ಲಿ ಜನ ಇದ್ದರೂ ಇಲ್ಲದಂತೆ. ಮೂರು, ಸರ್ವ್ ಯಾರ ಮೇಲೆ ಹೊಡೆಯಬೇಕು ಎಂಬ ಸೂಚನೆ. ಆ ರಾತ್ರಿ ಎದುರಾಳಿ ತಂಡದ ಕೋಚ್ ಇದನ್ನೇ ಮಾಡಿದ್ದರು, ಆ ತೆಳ್ಳನೆ ಹುಡುಗನನ್ನು ಹುಡುಕಿದ್ದರು.

25-20ರಲ್ಲಿ ಮುಗಿಯುವ ಸೆಟ್‌ನಲ್ಲಿ ಇರುವುದು 45 ರ‍್ಯಾಲಿ. ಕೋಚ್‌ನ ಒಳ್ಳೆ ನಿರ್ಧಾರ ಸೆಟ್‌ಗೆ ಒಂದೇ ಪಾಯಿಂಟ್ ತಂದುಕೊಟ್ಟರೂ, ಸರಿಸಮ ತಂಡಗಳ ನಡುವೆ ಅದೇ ಗೆಲುವು-ಸೋಲಿನ ಗೆರೆ. ಪ್ರೈಮ್ ವಾಲಿಬಾಲ್ ಲೀಗ್‌ನಲ್ಲಿ ಇದು ಇನ್ನಷ್ಟು ಬಿಗಿ. ಅಲ್ಲಿ ಸೆಟ್ ಮುಗಿಯುವುದೇ 15ಕ್ಕೆ, ಜೊತೆಗೆ ಒಂದು ರ‍್ಯಾಲಿಗೆ ಎರಡು ಅಂಕ ಕೊಡುವ 'ಸೂಪರ್ ಪಾಯಿಂಟ್' ಬೇರೆ. ಆಟ ಚಿಕ್ಕದಾದಷ್ಟೂ ಬೆಂಚಿನ ಒಂದೊಂದು ತೀರ್ಮಾನದ ತೂಕ ಹೆಚ್ಚು. ನಮ್ಮ ಬೆಂಗಳೂರು ಟಾರ್ಪೆಡೋಸ್ 2023ರ ಫೈನಲ್‌ನಲ್ಲಿ ಅಹಮದಾಬಾದ್‌ಗೆ ಸೋತು, 2025ರಲ್ಲಿ ಕಪ್ ಎತ್ತಿತು. ಎರಡೂ ಸಲ ಬೆಂಚಿನಲ್ಲಿದ್ದವರು 2008ರ ಒಲಿಂಪಿಕ್ ಚಿನ್ನ ಗೆದ್ದ ಅಮೆರಿಕದ ಡೇವಿಡ್ ಲೀ. ಸೋತ ಕೋಚ್‌ನನ್ನು ಮಾರನೇ ದಿನವೇ ಮನೆಗೆ ಕಳಿಸುವ ಕಾಲದಲ್ಲಿ ಇದು ನೆನಪಿಡಬೇಕಾದ ಮಾತು. ಅದೇ ಮನುಷ್ಯನಿಗೆ ವರ್ಷಗಳನ್ನು ಕೊಟ್ಟರು, ಕಪ್ ಬಂತು.

ಇನ್ನೂ ದೊಡ್ಡ ಉದಾಹರಣೆ 2024ರ ಪ್ಯಾರಿಸ್ ಒಲಿಂಪಿಕ್ಸ್. ಮಹಿಳೆಯರ ಫೈನಲ್‌ನಲ್ಲಿ ಅಮೆರಿಕದ ಕೋಚ್ ಕಾರ್ಚ್ ಕಿರಾಲಿ. ಆಟಗಾರನಾಗಿ ಮೂರು ಒಲಿಂಪಿಕ್ ಚಿನ್ನ ಗೆದ್ದವರು, ಕೋಚ್ ಆಗಿ ಟೋಕಿಯೊದಲ್ಲಿ ಇನ್ನೊಂದು. ಎದುರಿಗೆ ಇಟಲಿಯ ಹೂಲಿಯೊ ವೆಲಾಸ್ಕೊ. ಇಟಲಿ 3-0ರಲ್ಲಿ ಗೆದ್ದಿತು. ಆ ಮೂರು ಸೆಟ್‌ಗಳಲ್ಲಿ ಕಿರಾಲಿಯಂಥ ದಂತಕಥೆಯ ಟೈಮ್‌ಔಟ್‌ಗಳೂ ಆಟ ತಿರುಗಿಸಲಿಲ್ಲ. ಹಿಂದಿನ ವರ್ಷ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಪದಕವಿಲ್ಲದೆ ನಾಲ್ಕನೇ ಸ್ಥಾನಕ್ಕೆ ಕುಸಿದಿದ್ದ ಇಟಲಿಯನ್ನು, ಬಹುಪಾಲು ಅದೇ ಪೀಳಿಗೆಯ ಆಟಗಾರ್ತಿಯರನ್ನು ಇಟ್ಟುಕೊಂಡು, ವೆಲಾಸ್ಕೊ ಚಿನ್ನದವರೆಗೆ ತಂದರು. ಆ ಕೆಲಸ ನಡೆದದ್ದು ಫೈನಲ್‌ನ ಟೈಮ್‌ಔಟ್‌ನಲ್ಲಿ ಅಲ್ಲ, ಅದಕ್ಕೆ ಮುಂಚಿನ ತಿಂಗಳುಗಳಲ್ಲಿ.

ವೆಲಾಸ್ಕೊ ಹೆಸರಾಗಿರುವುದು ನೆಪಗಳ ಕುರಿತ ಅವರ ಮಾತಿಗೆ. ಸ್ಮ್ಯಾಶ್ ಹೊರಗೆ ಹೋದರೆ ಅಟ್ಯಾಕರ್ ಸೆಟರ್ ಕಡೆ ನೋಡುತ್ತಾನೆ, ಸೆಟರ್ ಪಾಸ್ ಕೊಟ್ಟವನ ಕಡೆ, ಪಾಸ್ ಕೊಟ್ಟವನು ಹಿಂದೆ ಯಾರೂ ಇಲ್ಲದ್ದಕ್ಕೆ ದೀಪದ ಕಡೆ. ಹಾಗಾಗಿ ಲಿಫ್ಟ್ ಕೆಟ್ಟದಾಗಿದ್ದರೂ ಅದನ್ನು ಪಾಯಿಂಟ್ ಮಾಡುವುದು ಹೇಗೆ ಎಂದಷ್ಟೇ ಯೋಚಿಸಿ ಅನ್ನುವುದು ಅವರ ಪಾಠ. ಈ ದೂರುವ ಸರಪಳಿ ನಮಗೇನು ಹೊಸದೇ? ತಾಲ್ಲೂಕಿನಲ್ಲಿ ಕೇಳಿದರೆ ಜಿಲ್ಲೆ ಕಡೆ ಕೈ ತೋರಿಸುತ್ತಾರೆ, ಜಿಲ್ಲೆಯಲ್ಲಿ ಕೇಳಿದರೆ ಬೆಂಗಳೂರು, ಬೆಂಗಳೂರಲ್ಲಿ ಕೇಳಿದರೆ ದಿಲ್ಲಿ.

ಆ ಹುಡುಗನ ಕಾಲಿನ ಕಥೆ

ಈಗ ಆ ತೆಳ್ಳನೆ ಹುಡುಗನ ಹತ್ತಿರ ವಾಪಸ್ ಬರೋಣ. ಕೋಚ್ ಹೇಳಿದ್ದು ನೂರಕ್ಕೆ ನೂರು ಸರಿ. ಹುಡುಗನಿಗೆ ಅರ್ಥವೂ ಆಗಿತ್ತು. ಆದರೆ ಕಾಲು ಸರಿಸುವುದು ತಲೆಗೆ ಸಂಬಂಧಿಸಿದ ವಿಷಯ ಅಲ್ಲ. ದಿನಾ ಬೆಳಿಗ್ಗೆ ನೂರು ಸರ್ವ್ ಸ್ವೀಕರಿಸಿ, ಪ್ರತಿ ಸಲ ಯಾರೋ ಒಬ್ಬರು ಪಕ್ಕದಲ್ಲಿ ನಿಂತು ತಿದ್ದಿ, ಒಂದೆರಡು ವರ್ಷ ಕಳೆದರೆ ಬರುವ ವಿದ್ಯೆ ಅದು. ಟೈಮ್‌ಔಟ್‌ನಲ್ಲಿ ಕೋಚ್ ಮಾಡಬಲ್ಲದ್ದು, ಮೊದಲೇ ಕಲಿಸಿದ್ದನ್ನು ನೆನಪಿಸುವುದು. ಕಲಿಸಿಯೇ ಇಲ್ಲದ್ದನ್ನು ನೆನಪಿಸುವುದು ಹೇಗೆ? ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತ ನಮ್ಮ ಹಿರಿಯರು ನಗುತ್ತಿದ್ದದ್ದು ಇದಕ್ಕೇ.

ಈ ಸೀಮೆಗೆ ಇದು ಗೊತ್ತಿಲ್ಲದ ಮಾತಲ್ಲ. ಮುಧೋಳ, ಜಮಖಂಡಿ ಕಡೆ ಕುಸ್ತಿಯ ವಸ್ತಾದರನ್ನು ಕೇಳಿ. ಕಣಕ್ಕಿಳಿದ ಪೈಲ್ವಾನನಿಗೆ ಅಂಚಿನಲ್ಲಿ ನಿಂತು ಅವರು ಹೇಳುವುದು ಒಂದೆರಡು ಮಾತು, ಅಷ್ಟೆ. ಅವರ ಕೆಲಸ ಗರಡಿಯಲ್ಲಿ, ನಸುಕಿನಲ್ಲೇ ಮುಗಿದಿರುತ್ತದೆ.

ನಾನು ಓದಿದ ಶಾಲೆಯಲ್ಲೂ ವಾಲಿಬಾಲ್ ತಂಡ ಇತ್ತು. ನಾನು ಬೆಂಚಿನ ಕೊನೆಯವನು. ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಹತ್ತು ದಿನ ಇರುವಾಗ ನೆಟ್ ಹೊರಗೆ ಬರುತ್ತಿತ್ತು, ಸೋತು ಬಂದ ಮಾರನೇ ದಿನ ಒಳಗೆ ಹೋಗುತ್ತಿತ್ತು. ನಮ್ಮ ಪಿ.ಟಿ. ಮಾಸ್ತರು ಒಳ್ಳೆಯವರು, ಆಟ ಗೊತ್ತಿದ್ದವರು. ಆದರೆ ಒಬ್ಬರೇ ಕಬಡ್ಡಿ, ಖೋ-ಖೋ, ಥ್ರೋಬಾಲ್, ಓಟ ಎಲ್ಲಕ್ಕೂ ಓಡಾಡಬೇಕು. ಅದರ ಮೇಲೆ ಪ್ರಾರ್ಥನೆಯ ಶಿಸ್ತು, ಚುನಾವಣೆ ಕೆಲಸ, ಗಣತಿ ಕೆಲಸ. ಪಂದ್ಯದ ದಿನ ಅವರು ಗಂಟಲು ಹರಿಯುವಂತೆ ಕೂಗುತ್ತಿದ್ದದ್ದು ಈಗ ಬೇರೆ ಥರ ಕೇಳಿಸುತ್ತದೆ. ವರ್ಷವಿಡೀ ಕಲಿಸಲು ಆಗದ್ದನ್ನು ಒಂದು ದಿನದಲ್ಲಿ ಕೂಗಿ ತುಂಬಿಸುವ ಪ್ರಯತ್ನ ಅದು.

ಪರಿಸ್ಥಿತಿ ತುಂಬಾ ಬದಲಾಗಿಲ್ಲ. 2025ರ ಸೆಪ್ಟೆಂಬರ್–ಅಕ್ಟೋಬರ್‌ನ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೂ ಮನೆ ಮನೆ ಸುತ್ತಿದವರು ಶಿಕ್ಷಕರೇ. ಸಮೀಕ್ಷೆ ಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಸರ್ಕಾರಕ್ಕೆ ಕೈ ಕಡಿಮೆ ಬಿದ್ದಾಗಲೆಲ್ಲ ಮೊದಲು ಖಾಲಿಯಾಗುವುದು ಶಾಲೆಯ ಮೈದಾನ. ಪ್ರೊ. ಎಲ್.ಆರ್. ವೈದ್ಯನಾಥನ್ ವರದಿ ಜಾರಿ ಮಾಡಿ, ನಮ್ಮನ್ನೂ ಪೂರ್ಣ ಶಿಕ್ಷಕರೆಂದು ಪರಿಗಣಿಸಿ ಎಂದು ದೈಹಿಕ ಶಿಕ್ಷಕರು ಮನವಿಪತ್ರ ಕೊಡುತ್ತಲೇ ಬಂದಿದ್ದಾರೆ.

ಕಪ್‌ಗೆ ದುಡ್ಡಿದೆ, ಕೋಚ್‌ಗಿಲ್ಲ

ಬೀಳಗಿಯಿಂದ ರಬಕವಿ-ಬನಹಟ್ಟಿವರೆಗೆ ಜಾತ್ರೆ, ಜಯಂತಿ, ನಾಯಕರ ಹುಟ್ಟುಹಬ್ಬ, ಎಲ್ಲಕ್ಕೂ ಪಂದ್ಯಾವಳಿ ನಡೆಯುತ್ತವೆ. ಆಳೆತ್ತರದ ಕಪ್, ನಗದು ಬಹುಮಾನ, ಫ್ಲೆಕ್ಸ್, ಧ್ವನಿವರ್ಧಕ. ಬಹುಮಾನದ ಮೇಲೆ ಕಣ್ಣಿಟ್ಟು ದೂರದೂರಿನ ಆಟಗಾರರನ್ನು ಕರೆಸುವ ತಂಡಗಳೂ ಉಂಟು. ಊರ ಹುಡುಗ ಆಗ ಚೇರು ಎತ್ತಿಡುತ್ತಾನೆ.

ಶಾಸಕರ ನಿಧಿಯಿಂದ ಕಟ್ಟಡ ಏಳುತ್ತದೆ, ಕಂಪೌಂಡ್ ಏಳುತ್ತದೆ. ಕೋಚ್‌ನ ತಿಂಗಳ ಸಂಬಳ ಅಲ್ಲಿಂದ ಹುಟ್ಟುವುದಿಲ್ಲ, ಆ ನಿಧಿ ಇರುವುದೇ ಆಸ್ತಿ ಕಟ್ಟುವುದಕ್ಕೆ. ಅಡಿಗಲ್ಲು ಇಟ್ಟರೆ ಫೋಟೋ ಸಿಗುತ್ತದೆ, ಸಂಬಳ ಕೊಟ್ಟರೆ ಯಾರು ಫೋಟೋ ತೆಗೆಯುತ್ತಾರೆ? ಪಂದ್ಯದ ದಿನ ಬಂದು ಬಾಲ್ ಎಸೆದು ಉದ್ಘಾಟಿಸುವ ನಾಯಕನೂ ಒಂಥರಾ ಮೂವತ್ತು ಸೆಕೆಂಡಿನ ಕೋಚೇ. ನೆರೆ ಬಂದಾಗ ದೋಣಿಯಲ್ಲಿ ಕಾಣಿಸುವ ಮಂತ್ರಿಯಂತೆ. ಕೃಷ್ಣೆ, ಘಟಪ್ರಭೆಯ ದಡದವರಿಗೆ ಈ ಚಿತ್ರ ಬಿಡಿಸಿ ಹೇಳಬೇಕಿಲ್ಲ.

ದಿನನಿತ್ಯದ ತರಬೇತಿ ಏನು ಮಾಡಬಲ್ಲದು ಅನ್ನುವುದಕ್ಕೆ ಸಾಕ್ಷಿ ಇಲ್ಲೇ ಇದೆ. ವಿಜಯಪುರ-ಬಾಗಲಕೋಟೆಯ ಸೈಕ್ಲಿಸ್ಟ್‌ಗಳು ರಾಷ್ಟ್ರಮಟ್ಟದ ಪದಕ ತರುವುದು ಇಲ್ಲಿ ಮಾಮೂಲಿ ಸುದ್ದಿ. ಇವರೂ ಕಬ್ಬು, ಜೋಳದ ಮನೆಗಳ ಮಕ್ಕಳೇ. ಅವರ ಬೆನ್ನಿಗೆ ಕ್ರೀಡಾ ವಸತಿ ನಿಲಯ, ದಿನಾ ಬೆಳಿಗ್ಗೆ ರಸ್ತೆಗಿಳಿಸುವ ತರಬೇತುದಾರರು ಇದ್ದರು. ಸೈಕಲ್‌ಗೆ ಆದದ್ದು ವಾಲಿಬಾಲ್‌ಗೆ ಯಾಕಾಗಬಾರದು? ಪಟಿಯಾಲದಲ್ಲಿ ಕೋಚ್‌ಗಳನ್ನು ತಯಾರು ಮಾಡುವ ರಾಷ್ಟ್ರೀಯ ಸಂಸ್ಥೆ 1961ರಿಂದ ಇದೆ. ತಾಲ್ಲೂಕಿಗೊಬ್ಬ ತರಬೇತಿ ಪಡೆದ ಕೋಚ್, ವರ್ಷದ ಹನ್ನೆರಡೂ ತಿಂಗಳ ಸಂಬಳ, ಬೆಳಿಗ್ಗೆ-ಸಂಜೆ ತೆರೆದ ಮೈದಾನ, ಹುಡುಗಿಯರಿಗೆ ಪ್ರತ್ಯೇಕ ಸಮಯ. ಬೇಡಿಕೆ ಇಷ್ಟೇ. ಹುಡುಗಿಯರ ಮಾತು ಬೇರೆಯಾಗಿ ಹೇಳಲು ಕಾರಣವಿದೆ. ಹುಡುಗನಿಗೆ ಶಾಲೆ ಮುಗಿದ ಮೇಲೂ ಜಾತ್ರೆಯ ಪಂದ್ಯ ಇದೆ. ಹುಡುಗಿಯ ಆಟ ಬಹುಪಾಲು ಹತ್ತನೇ ಕ್ಲಾಸಿನ ಜೊತೆಗೇ ಮುಗಿಯುತ್ತದೆ. ಪೊಲೀಸ್, ರೈಲ್ವೆಯ ಕ್ರೀಡಾ ಕೋಟಾದ ಬಾಗಿಲೂ ಅವಳಿಗೆ ಅಲ್ಲಿಗೇ ಮುಚ್ಚಿತು.

ಕೇಳುವುದು ಯಾರನ್ನು? ತಾಲ್ಲೂಕು, ಜಿಲ್ಲಾ ಪಂಚಾಯತಿ ಸದಸ್ಯರ ಅವಧಿ 2021ರಲ್ಲೇ ಮುಗಿಯಿತು, ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಮೈದಾನದ ಪಕ್ಕದಲ್ಲೇ ಸಿಗಬೇಕಾದ ಪ್ರತಿನಿಧಿಯೇ ಇಲ್ಲ. 1989ರಲ್ಲಿ ಸರ್ಕಾರವನ್ನು ಕಾಯದೆ ರೈತರೇ ದುಡ್ಡು, ಬೆವರು ಹಾಕಿ ಚಿಕ್ಕಪಡಸಲಗಿ ಬ್ಯಾರೇಜ್ ಕಟ್ಟಿದ ನೆಲ ಇದು. ಮನಸ್ಸು ಮಾಡಿದರೆ ಪಟ್ಟಿ ಹಾಕಿ ಕೋಚ್‌ನನ್ನೂ ತಂದಾರು. ಆದರೆ ಎಲ್ಲವನ್ನೂ ಜನರೇ ಪಟ್ಟಿ ಹಾಕಿ ಮಾಡಿಕೊಳ್ಳುವುದಾದರೆ ತೆರಿಗೆ ಕಟ್ಟುವುದು ಯಾತಕ್ಕೆ?

ಆ ರಾತ್ರಿ ಊರ ತಂಡ ಸೋತಿತು. ಬಹುಮಾನ ವಿತರಣೆಗೆ ವೇದಿಕೆ ಹತ್ತಿದವರೆಲ್ಲ ಹುಡುಗರಿಗೆ 'ಇನ್ನೂ ಪ್ರಾಕ್ಟೀಸ್ ಮಾಡ್ರಿ' ಅಂದರು. ಆ ತೆಳ್ಳನೆ ಹುಡುಗ ನೆಟ್ ಬಿಚ್ಚಿ ಸುತ್ತುತ್ತಿದ್ದ. 'ನಾಳೆ ಪ್ರಾಕ್ಟೀಸ್ ಐತೇನೋ?' ಅಂತ ಕೇಳಿದೆ.

'ನಾಳೆ ಕಬ್ಬು ಕಡ್ಯಾಕ ಹೋಗೂದೈತ್ರಿ ಸರ. ಆಮ್ಯಾಲೆ ಇದ್ರೂ, ಹೇಳಿಕೊಡಾಕ ಯಾರದಾರ್ರೀ?'